ಕಾರ್ಡಿನಲ್ಲಿದ್ದದ್ದೇ ಉತ್ತರ

ಇಂಡಿ ಊರಿನ ಚಂದಪ್ಪ ಮಾಸ್ತರರಿಗೆ ಎರಡು ವಸ್ತುಗಳ ಮೇಲೆ ಜೀವವಿತ್ತು. ಒಂದು, ಭಾನುವಾರ ಬೆಳಿಗ್ಗೆ ಕ್ವಿಜ್ ತೋರಿಸುತ್ತಿದ್ದ ಮನೆಯ ಕಪ್ಪು-ಬಿಳುಪು ಟೀವಿ. ಇನ್ನೊಂದು, ಆ ಕ್ವಿಜ್ ನೋಡಿ ನೋಡಿ ತಾವೇ ಮಾಡಿಸಿಕೊಂಡ ಬಜರ್ ಹಲಗೆ. ಮಾಡಿಕೊಟ್ಟವನು ಬಸ್ ನಿಲ್ದಾಣದ ಎದುರಿನ ರೇಡಿಯೋ ರಿಪೇರಿ ಅಂಗಡಿಯ ಶಹಾಬುದ್ದೀನ. ನಾಲ್ಕು ಕರೆಗಂಟೆ ಗುಂಡಿ, ನಾಲ್ಕು ಬಣ್ಣದ ಬಲ್ಬು, ನಡುವೆ ಕಿವಿ ಕಿತ್ತುಹೋಗುವಂತೆ ಅರಚುವ ಒಂದು ಗಂಟೆ. ಯಾರ ಬೆರಳು ಮೊದಲು ಬಿತ್ತೋ ಅವರ ಬಲ್ಬು ಮಾತ್ರ ಹತ್ತಬೇಕು, ಉಳಿದ ಮೂರು ಮಿಸುಕಬಾರದು. ಇಷ್ಟನ್ನು ಸಾಧಿಸಲು ಶಹಾಬುದ್ದೀನ ಹದಿನೈದು ದಿನ ತಲೆ ಕೆಡಿಸಿಕೊಂಡ. ಕೊನೆಗೆ ಹಲಗೆ ತಯಾರಾದಾಗ ಮಾಸ್ತರರು ಅದಕ್ಕೆ ಕುಂಕುಮ ಹಚ್ಚಲಿಲ್ಲ, ಏಕೆಂದರೆ ಅವರದು ಬುದ್ಧನ ಫೋಟೋ ಇರುವ ಮನೆ. ಆದರೆ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಬಟ್ಟೆಗಳಿಗಿಂತ ಮೇಲಿನ ಖಾನೆಯಲ್ಲಿ ಇಟ್ಟರು.

ಪ್ರತಿ ಜನವರಿಯಲ್ಲಿ ಆ ಹಲಗೆ ಹೊರಗೆ ಬರುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ತಾಲೂಕಿಗೊಂದು ಶಾಲೆಯ ತಂಡ, ತಂಡಕ್ಕೊಂದು ಬಣ್ಣದ ಬಲ್ಬು. ಟೀವಿಯಲ್ಲಿದ್ದುದೆಲ್ಲ ಇಲ್ಲಿಯೂ ಇತ್ತು. ಉತ್ತರ ಬಾರದಿದ್ದರೆ ‘ಪಾಸ್’, ಪಕ್ಕದವರು ಹೇಳಿದರೆ ಅರ್ಧ ಅಂಕ, ಬಜರ್ ಒತ್ತಿ ಬಾಯಿ ಬಿಡದಿದ್ದರೆ ಐದು ಅಂಕ ಕಡಿತ. ಇಲ್ಲಿ ಹೆಚ್ಚಿಗೆ ಇದ್ದದ್ದು ಕರೆಂಟಿನ ಕಾಟ ಒಂದೇ. ಅದು ಹೋದರೆ ಜ್ಞಾನವೂ ಅಲ್ಲಿಗೇ ನಿಂತು, ಮಕ್ಕಳು ಕಡೆಗೋಲಿಲ್ಲದ ಮೊಸರಿನ ಹಾಗೆ ಸುಮ್ಮನೆ ಕೂರುತ್ತಿದ್ದರು. ಪ್ರಶ್ನೆಗಳನ್ನು ಮಾಸ್ತರರು ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕಗಳಿಂದ ಆಯ್ದು, ದಪ್ಪ ಕಾಗದದ ಕಾರ್ಡುಗಳಲ್ಲಿ ಬರೆಯುತ್ತಿದ್ದರು. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಯಾರಾದರೂ ತಕರಾರು ತೆಗೆದರೆ ಅವರ ಬಾಯಿಂದ ಒಂದೇ ಮಾತು.

“ಕಾರ್ಡಿನ್ಯಾಗ ಇದ್ದದ್ದ ಉತ್ತರ. ಮುಂದಿಂದು.”

ಈ ಹಟ ಸುಮ್ಮನೆ ಬಂದದ್ದಲ್ಲ. ಗೊಳಸಂಗಿಯ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಚಂದಪ್ಪ ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಮೊದಲಿಗನಾಗಬೇಕಿತ್ತು. ಬಾಯಿಪರೀಕ್ಷೆಯಲ್ಲಿ ಹುಡುಗ ಎಲ್ಲಕ್ಕೂ ಸರಿಯಾಗಿಯೇ ಹೇಳಿದ್ದ. ಆದರೆ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಮೊದಲ ಸ್ಥಾನ ಊರ ಹಿರಿಯರೊಬ್ಬರ ಮಗನಿಗೆ ಹೋಯಿತು. ಬಾಯಿಮಾತು ಉಳ್ಳವರ ಕಡೆಗೆ ವಾಲುತ್ತದೆ, ಬರೆದಿಟ್ಟದ್ದು ಯಾರ ಕಡೆಗೂ ವಾಲುವುದಿಲ್ಲ ಎಂದು ಆ ಹುಡುಗ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಮುಂದೆ ಮಾಸ್ತರನಾಗಿ ಕಾರ್ಡು ಹಿಡಿದಾಗ, ಯಾವ ಸಾಹುಕಾರ ಬಂದು ಮೊದಲ ಸಾಲಿನಲ್ಲಿ ಕೂತರೂ ಕಾರ್ಡು ಅಂಜಲಿಲ್ಲ. ಅದರ ಬಗ್ಗೆ ಮಾಸ್ತರರಿಗೆ ಹೆಮ್ಮೆ ಇತ್ತು, ಇರಬೇಕಾದದ್ದೇ.

ಆದರೆ ಅದೇ ಕಾರ್ಡು ತೊಂಬತ್ತನಾಲ್ಕರ ಜನವರಿಯಲ್ಲಿ ಅವರ ಕೈಯಿಂದ ಒಂದು ತಪ್ಪು ಮಾಡಿಸಿತು.

ಆ ವರ್ಷ ಇಂಡಿ ತಾಲೂಕಿನ ಪರವಾಗಿ ಹೊರ್ತಿಯ ಶಾಲೆ ಬಂದಿತ್ತು. ತಂಡದಲ್ಲಿ ಭುವನೇಶ್ವರಿ ಎಂಬ ಎಂಟನೆಯ ಇಯತ್ತೆಯ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಬಜರಿನ ಮೇಲೆ ಸದಾ ತಯಾರಾಗಿ ಕೂತ ಬೆರಳು. ಪ್ರಶ್ನೆ ಪೂರ್ತಿಯಾಗುವ ಮೊದಲೇ ಹಸಿರು ಬಲ್ಬು ಹತ್ತುತ್ತಿತ್ತು, ಉತ್ತರ ಸರಿಯಿರುತ್ತಿತ್ತು. ಕೊನೆಗೆ ಹೊರ್ತಿ ಮತ್ತು ಮುದ್ದೇಬಿಹಾಳ ಸಮಸಮ ನಿಂತವು. ಗೆದ್ದವರು ಜಿಲ್ಲಾ ಮಟ್ಟಕ್ಕೆ. ಮಾಸ್ತರರು ಕೊನೆಯ ಕಾರ್ಡು ತೆಗೆದು ಓದಿದರು.

“ಕಡಲೆಕಾಯಿ ನೆಲದ ಮೇಲೆ ಬಿಡುತ್ತದೆಯೋ, ನೆಲದೊಳಗೋ?”

ಹಸಿರು ಬಲ್ಬು ಹತ್ತಿತು.

“ನೆಲದ ಮ್ಯಾಲರೀ ಸರ್!”

“ತಪ್ಪು. ನೆಲದೊಳಗೆ.”

ಹುಡುಗಿ ಕೂರಲಿಲ್ಲ. “ಸರ್, ನಮ್ಮ ಹೊಲದಾಗ ಕಡ್ಲಿ ಹಾಕೇವ್ರಿ. ಈಗ ಕಾಯಿ ಹಿಡದಾವ್ರಿ. ಟೊಂಗಿಗೆ ಅದಾವ್ರಿ, ಮುಂಜಾನೆ ಹರಕೊಂಡು ತಿಂದು ಬಂದೀನ್ರಿ.”

ಬೆಂಗಳೂರಿನವರ ಕಡಲೆಕಾಯಿ ಎಂದರೆ ಇಂಡಿ ಸೀಮೆಯ ಶೇಂಗಾ. ಇಲ್ಲಿ ಕಡ್ಲಿ ಎಂದರೆ ಕಡ್ಲಿಯೇ, ಬೇಳೆ ಮಾಡುವ, ಹಿಟ್ಟು ಬೀಸುವ ಕಡ್ಲಿ. ಅದರ ಕಾಯಿ ನೆಲದೊಳಗೆ ಬಿಡುತ್ತದೆ ಎಂದು ಆ ಸೀಮೆಯ ಎತ್ತುಗಳೂ ಒಪ್ಪುವುದಿಲ್ಲ. ಇದು ಮಾಸ್ತರರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾರ್ಡು ಬರೆಯುವಾಗಲೇ ಗೊತ್ತಾಗಿತ್ತು. ‘ಶೇಂಗಾ’ ಎಂದು ತಿದ್ದಬೇಕೆಂದು ಪೆನ್ನು ಎತ್ತಿ, ಅಚ್ಚಾದ ಪುಸ್ತಕದ ಮಾತನ್ನು ತಿದ್ದಲು ನಾನ್ಯಾರು ಎಂದು ಮತ್ತೆ ಕೆಳಗಿಟ್ಟಿದ್ದರು. ಈಗ ತಿದ್ದಿದರೆ ಮುದ್ದೇಬಿಹಾಳದವರು ಪಕ್ಷಪಾತ ಎನ್ನುತ್ತಾರೆ, ತಮ್ಮ ತಾಲೂಕಿನ ಹುಡುಗಿಗೆ ಮಾಸ್ತರ ಒಲಿದ ಎನ್ನುತ್ತಾರೆ. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ “ಖರೇ ಹೇಳಾಕತ್ತಾಳ್ರಿ ಹುಡುಗಿ” ಎಂದರು. ಮಾಸ್ತರರು ಕಾರ್ಡು ತಿರುಗಿಸಿ ಎತ್ತಿ ತೋರಿಸಿದರು.

“ಕಾರ್ಡಿನ್ಯಾಗ ಇದ್ದದ್ದ ಉತ್ತರ.”

ಆ ಹುಡುಗಿ ಕಾರ್ಡನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬಜರಿನ ಮೇಲಿನ ಬೆರಳು ತೆಗೆದು ಕೈಯನ್ನು ಲಂಗದ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಜಿಲ್ಲಾ ಮಟ್ಟಕ್ಕೆ ಮುದ್ದೇಬಿಹಾಳ ಹೋಯಿತು. ಮುಂದಿನ ವರ್ಷ ಹೊರ್ತಿಯ ತಂಡದಲ್ಲಿ ಅವಳು ಬರಲಿಲ್ಲ. ಮಾಸ್ತರರು ಯಾಕೆಂದು ಕೇಳಲಿಲ್ಲ.

ಒಂಬತ್ತು ವರ್ಷ ಕಳೆದವು. ಮನೆಗೆ ಬಣ್ಣದ ಟೀವಿ ಬಂತು, ಟೀವಿಯಲ್ಲಿ ‘ಹೌದೋ ಅಲ್ಲವೋ’ ಎಂಬ ಹೊಸ ಆಟ ಬಂತು. ನಡೆಸಿಕೊಡುವಾಕೆಯ ಕೈಯಲ್ಲಿ ಒಂದು ಕಾರ್ಡು, ಕಾರ್ಡಿನಲ್ಲಿ ಒಂದು ವಸ್ತುವಿನ ಹೆಸರು. ಆಡುವವರು ಏಳು ಪ್ರಶ್ನೆ ಕೇಳಬಹುದು. ಆಕೆ ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳುತ್ತಾಳೆ. ಕೊನೆಗೆ ಹತ್ತು ಸೆಕೆಂಡಿನಲ್ಲಿ ಆ ವಸ್ತುವಿನ ಹೆಸರನ್ನು ಒಂದೇ ಮಾತಿನಲ್ಲಿ ಹೇಳಬೇಕು. ಮಾಸ್ತರರು ಪೋಸ್ಟ್‌ಕಾರ್ಡು ಹಾಕಿದರು, ಒಂದಲ್ಲ, ಹನ್ನೊಂದು. ಕೊನೆಗೊಂದು ದಿನ ಶಾಲೆಯ ಫೋನಿಗೆ ಕರೆ ಬಂತು. ಊರಿಗೆ ಊರೇ ಅವರನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿತು.

ಸ್ಟುಡಿಯೋದಲ್ಲಿ ಮಾಸ್ತರರು ಕಣ್ಣರಳಿಸಿ ನೋಡಿದ್ದೇ ನೋಡಿದ್ದು. ಟೀವಿಯಲ್ಲಿ ಅರಮನೆಯಂತೆ ಕಾಣುತ್ತಿದ್ದ ವೇದಿಕೆಯ ಬೆನ್ನು ಬರೀ ಪ್ಲೈವುಡ್ಡು. ಚಪ್ಪಾಳೆ ತಾನಾಗಿ ಬರುವುದಿಲ್ಲ, ಕ್ಯಾಮೆರಾದ ಪಕ್ಕ ನಿಂತವನೊಬ್ಬ ಕೈ ಎತ್ತಿದಾಗ ಬರುತ್ತದೆ. ಒಂದೇ ದಿನದಲ್ಲಿ ಐದು ವಾರದ ಆಟ ಮುಗಿಸುತ್ತಾರೆ. “ಮುಂದಿನ ವಾರ ಮತ್ತೆ ಸಿಗೋಣ” ಎಂದು ಕೈಮುಗಿದ ಆಕೆ ಹತ್ತೇ ನಿಮಿಷದಲ್ಲಿ ಬೇರೆ ಸೀರೆ ಉಟ್ಟು “ಒಂದು ವಾರ ಹೇಗೆ ಕಳೆಯಿತೋ!” ಎನ್ನುತ್ತಿದ್ದಳು. ಮಾಸ್ತರರ ಪಾಳಿ ಬಂದದ್ದು ಮೂರನೆಯ ವಾರದಲ್ಲಿ, ಎಂದರೆ ಮಧ್ಯಾಹ್ನದ ಊಟ ಆದ ಮೇಲೆ. ಮುಖಕ್ಕೆ ಪೌಡರು ಬಳಿದು ದೀಪದ ಕೆಳಗೆ ಕೂರಿಸಿದರು. ಅವರು ಪುಸ್ತಕದ ಕನ್ನಡದಲ್ಲೇ ಶುರು ಮಾಡಿದರು.

“ಅದು ತಿನ್ನುವ ವಸ್ತುವೇ?”

“ಹೌದು.”

“ಹಣ್ಣೇ?”

“ಅಲ್ಲ.”

“ನೆಲದೊಳಗೆ ಬೆಳೆಯುವುದೇ?”

“ಹೌದು.”

“ಖಾರವಾದದ್ದೇ?”

“ಹೌದು.”

“ಈರುಳ್ಳಿಯೇ?”

“ಅಲ್ಲ.”

“ಚಹಕ್ಕೆ ಹಾಕುವಂಥದ್ದೇ?”

“ಹೌದು!”

ಮಾಸ್ತರರಿಗೆ ಇನ್ನೊಂದೇ ಖಾತ್ರಿ ಬೇಕಿತ್ತು. “ಹಸಿಯದೇ?”

“ಹೌದು. ಹೇಳಿ ಸರ್, ಹತ್ತು ಸೆಕೆಂಡು!”

“ಅಲ್ಲ!” ಎಂದು ಕೂಗಿದರು ಮಾಸ್ತರರು.

ಆಕೆ ನಕ್ಕಳು. “ಅಲ್ಲ ಅನ್ನಬೇಕಾದವಳು ನಾನು ಸರ್.” ಕ್ಯಾಮೆರಾದ ಪಕ್ಕದವನು ಕೈ ಎತ್ತದೆಯೇ ಜನ ನಕ್ಕರು.

“ಅಲ್ಲರೀ ಮೇಡಂ, ಅಲ್ಲ!”

“ಏನು ಅಲ್ಲ?”

“ಅಲ್ಲನ ಅಲ್ಲರೀ! ಹಸಿ ಅಲ್ಲ!”

ಗಂಟೆ ಹೊಡೆಯಿತು. ಆಕೆ ಕಾರ್ಡು ತಿರುಗಿಸಿದಳು. ‘ಶುಂಠಿ’ ಎಂದಿತ್ತು. ಮಾಸ್ತರರ ಸೀಮೆಯಲ್ಲಿ ಶುಂಠಿ ಎಂದರೆ ಒಣಗಿದ್ದು, ಬಾಣಂತಿಗೆ ಕುಟ್ಟಿ ಕೊಡುವಂಥದ್ದು. ಚಹಕ್ಕೆ ಜಜ್ಜಿ ಹಾಕುವ ಹಸಿಯದಕ್ಕೆ ಅಲ್ಲಿ ಹುಟ್ಟಿದವರೆಲ್ಲ ‘ಅಲ್ಲ’ ಎಂದೇ ಅನ್ನುವುದು. ಹತ್ತು ಸೆಕೆಂಡಿನಲ್ಲಿ ಮನುಷ್ಯನ ಬಾಯಿಗೆ ಬರುವುದು ಅವ್ವನ ಮಾತು, ಪುಸ್ತಕದ್ದಲ್ಲ. ಅವರು ಎದ್ದು ಹೋಗಿ, ಪ್ರಶ್ನೆ ಬರೆಯುವ ತರುಣನನ್ನು ಹುಡುಕಿ ಇದನ್ನೆಲ್ಲ ಬಿಡಿಸಿ ಹೇಳಿದರು. ಅವನು ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ, ತಲೆಯಾಡಿಸಿದ, ಆಮೇಲೆ ಮೆತ್ತಗೆ ಹೇಳಿದ.

“ನೀವು ಹೇಳೋದು ಸರಿ ಇರಬಹುದು ಸರ್. ಆದ್ರೆ ಏನ್ಮಾಡೋದು, ಕಾರ್ಡಲ್ಲಿ ಇರೋದೇ ಉತ್ತರ.”

ಮಾಸ್ತರರು ಮುಖದ ಪೌಡರು ಒರೆಸಿಕೊಳ್ಳುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ಬಂದರು.

ಆಟ ಟೀವಿಯಲ್ಲಿ ಬಂದ ಮರುದಿನ ಇಂಡಿಯ ಚಹದಂಗಡಿಯಲ್ಲಿ ಹಬ್ಬವೋ ಹಬ್ಬ. ಊರವರೆಲ್ಲ ಮಾಸ್ತರರ ಪಕ್ಷವೇ. ಅಲ್ಲಕ್ಕ ಅಲ್ಲ ಅನ್ನದ ಇನ್ನೇನು ಅನ್ನಬೇಕಿತ್ತು ಎಂದು ಮೇಜು ಗುದ್ದಿದರು. ಶಹಾಬುದ್ದೀನ ಮಾತ್ರ ಬಸಿಯಲ್ಲಿದ್ದ ಚಹ ಆರಿಸುತ್ತ ಸುಮ್ಮನಿದ್ದ. ಎಲ್ಲರೂ ಎದ್ದು ಹೋದ ಮೇಲೆ ಬಾಯಿ ಬಿಟ್ಟ.

“ಮಾಸ್ತರ, ಸಿಟ್ಟಾಗಬ್ಯಾಡ್ರಿ. ಅವತ್ತು ಆ ಹೊರ್ತಿ ಹುಡುಗಿ ಬಲ್ಬು ಹತ್ತಿತ್ತಲ್ರಿ, ಹಸರದ್ದು. ನಾ ಹಲಗಿ ಬಾಜೂಕ ಕುಂತಿದ್ದೆ. ಆಕಿ ಕಡ್ಲಿನೂ ನಿಮ್ಮ ‘ಅಲ್ಲ’ದಂಗ ಆತಲ್ರಿ?”

ಮಾಸ್ತರರು ಚಹ ಬಿಟ್ಟು ಎದ್ದರು. ಶಹಾಬುದ್ದೀನನಿಗೆ ಅವರು ಮುನಿದರು ಅನ್ನಿಸಿತು. ಮುನಿದಿರಲಿಲ್ಲ, ನಾಚಿಕೆಯಾಗಿತ್ತು. ಮನೆಗೆ ಹೋಗಿ ಹಳೆಯ ಕಾರ್ಡುಗಳ ಡಬ್ಬಿ ಸುರುವಿಕೊಂಡು, ಹಳದಿ ಬಣ್ಣಕ್ಕೆ ತಿರುಗಿದ ಆ ಒಂದು ಕಾರ್ಡು ಹುಡುಕಿದರು. ತನಗೆ ಅನ್ಯಾಯವಾಗಬಾರದೆಂದು ಹಿಡಿದ ಕಾರ್ಡಿನಿಂದಲೇ ತಾನು ಇನ್ನೊಬ್ಬರಿಗೆ ಅನ್ಯಾಯ ಮಾಡಿದೆ ಎಂದು ಅವರಿಗೆ ಹೊಳೆಯಿತು. ಆ ಹುಡುಗಿಗೆ ಅವಳ ಅಂಕ ಮುಟ್ಟಿಸದೆ ತನಗೆ ಸಮಾಧಾನವಿಲ್ಲ ಎಂದು ನಿಶ್ಚಯವಾಯಿತು.

ಹೊರ್ತಿಯಲ್ಲಿ ವಿಚಾರಿಸಿದರು. ಭುವನೇಶ್ವರಿಯನ್ನು ಹೂವಿನ ಹಿಪ್ಪರಗಿಗೆ ಕೊಟ್ಟಿದ್ದಾರೆಂದು ತಿಳಿಯಿತು. ಜನವರಿಯ ಒಂದು ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡರು. ಅವತ್ತು ಗಡಿಬಿಡಿಯಲ್ಲಿ ಲಕ್ಷ್ಯಕ್ಕೆ ಬರಲಿಲ್ಲವ್ವಾ, ಈಗ ತಿಳಿಯಿತು, ನಿನ್ನ ಉತ್ತರ ಸರಿ ಇತ್ತು. ಮಾತು ನೀಟಾಗಿ ಕೂತಿತ್ತು, ಸುಳ್ಳು ಅದರಲ್ಲಿ ಒಂದೇ ಎಳೆ.

ಅಂಗಳದಲ್ಲಿ ಕೂತು ಕಡ್ಲಿಗಿಡದಿಂದ ಹಸಿ ಕಾಯಿ ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಜಡೆ ಒಂದಾಗಿತ್ತು, ಕಣ್ಣು ಅವೇ.

“ಬರ್ರಿ ಸರ್, ಬರ್ರಿ. ಟೀವಿಯೊಳಗ ನೋಡಿದ್ವಿರಿ ನಿಮ್ಮನ್ನ. ಚಾಕ್ಕ ಅಲ್ಲ ಹಾಕ್ಲೇನ್ರಿ?” ಎಂದು ನಕ್ಕಳು. ಮಾಸ್ತರರೂ ನಕ್ಕರು. ನಗು ಆರುವ ಮೊದಲೇ ಜೇಬಿನಿಂದ ಕಾರ್ಡು ತೆಗೆದು ಅವಳ ಮುಂದೆ ಇಟ್ಟರು. “ನಿನ್ನ ಅಂಕ ಕೊಡಾಕ ಬಂದೇನವಾ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಎತ್ತಿಕೊಂಡಳು. ಪ್ರಶ್ನೆ ಓದಿದಳು. ತಿರುಗಿಸಿ ಮಾಸ್ತರರ ಮುದ್ದಾದ ಅಕ್ಷರದಲ್ಲಿದ್ದ ‘ನೆಲದೊಳಗೆ’ ಎಂಬುದನ್ನು ಓದಿದಳು.

“ಸರ್, ಒಂದು ಕೇಳ್ತೇನ್ರಿ. ಅವತ್ತು ನಿಮಗ ಗೊತ್ತಿರಲಿಲ್ಲೋ, ಗೊತ್ತಿದ್ದೂ ತಪ್ಪು ಅಂದ್ರೋ?”

ಬಸ್ಸಿನಲ್ಲಿ ಜೋಡಿಸಿದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವಳು ನಂಬುತ್ತಿದ್ದಳು. ಮಾಸ್ತರರು ಅವಳ ಮಡಿಲಲ್ಲಿದ್ದ ಹಸಿರು ಕಾಯಿಗಳನ್ನು ನೋಡಿದರು.

“ಗೊತ್ತಿತ್ತವಾ,” ಎಂದರು. “ಕಾರ್ಡು ಬರೆಯೂ ಮುಂದನ ಗೊತ್ತಿತ್ತು. ಮಂದಿ ಏನ್ ಅಂತಾರೋ ಅಂತ ಅಂಜಿದೆ.”

ಅವಳು ಒಂದು ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿದಳು.

“ಅವತ್ತು ಮನಿಗೆ ಹೋದಕಿನ ಹೊಲಕ್ಕ ಓಡಿದ್ನಿರಿ ಸರ್. ಒಂದು ಗಿಡ ಕಿತ್ತು ಬೇರು ನೋಡಿದ್ನಿ. ಏನೂ ಇರಲಿಲ್ಲ. ಇನ್ನೊಂದು ಕಿತ್ತಿದ್ನಿ. ಅರ್ಧ ಸಾಲು ಕಿತ್ತಿದ್ನಿರಿ. ಅಪ್ಪ ಬಂದು, ಹುಚ್ಚಿ, ಬೆಳಿ ಯಾಕ ಹಾಳ ಮಾಡಾಕತ್ತಿ ಅಂತ ಬೆನ್ನಿಗೆ ಗುದ್ದಿದ. ಕಾಯಿ ಕಣ್ಣಮುಂದ ಟೊಂಗಿಗೆ ಅದಾವಲ್ಲ ಅಂದ.”

“ನೀ ಏನಂದಿ?”

“ಕ್ವಿಜ್ ಮಾಸ್ತರು ನೆಲದಾಗ ಅದಾವ ಅಂದಾರಪ್ಪಾ, ಇನ್ನೂ ಆಳದಾಗ ಇರಬೇಕು, ಗುದ್ದಲಿ ತಾ ಅಂದ್ನಿರಿ.”

ಚಂದಪ್ಪ ಮಾಸ್ತರರು ಅಂಗಳದಲ್ಲೇ, ಆ ಕಡ್ಲಿಸೊಪ್ಪಿನ ಪಕ್ಕ ಕುಸಿದು ಕೂತು ಅತ್ತರು.