ಕೂಗಕ್ಕನ ಗಂಟಲು

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸು ಹೊರಡುವುದನ್ನು ಸಾರುತ್ತಿದ್ದವಳನ್ನು ಎಲ್ಲರೂ ಕೂಗಕ್ಕ ಅನ್ನುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ ಅದು. ಮೈಕ್ ಆರಿಸಿದ ಕೂಡಲೇ ಕಿಟಕಿಗೆ ಬಂದು ಡ್ರೈವರುಗಳನ್ನು ಗದರುವಳು, ಮತ್ತೆ ಕುರ್ಚಿಗೆ ಓಡುವಳು. "ಇನ್ನೇನು ಹೊರಡಲಿದೆ" ಎಂದು ಅವಳು ಕೂಗಿದರೆ ಟೀ ಕುಡಿದು, ಉಚ್ಚೆ ಹೊಯ್ದು ಬರುವಷ್ಟು ಪುರುಸೊತ್ತಿದೆ ಎಂದೇ ಜನರ ಲೆಕ್ಕ. ನಿಜಕ್ಕೂ ಹೊರಡುವಾಗ ಅವಳ ಕೂಗೇ ಬೇರೆ: "ಹತ್ತಿ, ಹತ್ತಿ!"

ಕಂಪ್ಯೂಟರೇ ಕೂಗಬೇಕು ಎಂಬ ಗೀಳು ಮೇಲಿನವರಿಗೆ ಹತ್ತಿತು. ಬೇರೆ ದನಿಗೆ ಜನ ಕಿವಿಗೊಡುವುದಿಲ್ಲವೆಂದು ಕೂಗಕ್ಕನಿಂದಲೇ ಬರೆದುಕೊಟ್ಟಿದ್ದನ್ನೆಲ್ಲ ಓದಿಸಿ ರೆಕಾರ್ಡ್ ಮಾಡಿಕೊಂಡರು.

"ಕೊಡಬೇಡ ಕಣಮ್ಮ, ದನಿ ಇಟ್ಕೊಂಡು ನಿನ್ನ ಆಚೆ ಹಾಕ್ತಾರೆ" ಎಂದು ನೌಕರರ ಸಂಘದ ಪರವಾಗಿ ನಾನು ಬಾಯಿ ಬಡಿದುಕೊಂಡೆ.

"ಹೋಗಣ್ಣ, ನಿನಗೆ ಎಲ್ಲದರಲ್ಲೂ ಪಿತೂರಿನೇ ಕಾಣತ್ತೆ."

ರೆಕಾರ್ಡಿಂಗ್ ಮುಗಿದದ್ದೇ ತಡ, ಅವಳನ್ನು ಕಳೆದುಹೋದ ಸಾಮಾನಿನ ಕೋಣೆಗೆ ದಬ್ಬಿದರು. ಕೊಡೆ, ಒಂಟಿ ಚಪ್ಪಲಿಗಳ ನಡುವೆ ಅವಳು ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಿದಳು.

ಯಂತ್ರ ಶುರುವಾದ ದಿನವೇ ಎಡವಟ್ಟು. ಡ್ರೈವರ್ ಗೇರ್ ಹಾಕುವ ಹೊತ್ತಿಗೆ ಅದು "ಇನ್ನೇನು ಹೊರಡಲಿದೆ" ಎಂದಿತು. ಕೇಳಿದ ದನಿಯೇ ತಾನೇ? ಜನ ಆರಾಮಾಗಿ ಟೀ ಅಂಗಡಿಗೆ ನಡೆದರು. ಬಸ್ಸುಗಳು ಖಾಲಿ ಹೋದವು. ಬಸ್ಸು ತಪ್ಪಿದವರು ಬಂದು ಅವಳ ಕೋಣೆಯ ಬಾಗಿಲು ಗುದ್ದಿದರು.

"ಏನ್ ಕೂಗಕ್ಕ, ನಮಗೇ ಟೋಪಿ ಹಾಕ್ತೀಯಾ?"

"ನಾನಲ್ರಪ್ಪಾ! ನನ್ನ ಬಾಯಿ ಇಲ್ಲೇ ಇದೆ ನೋಡ್ರಿ!"

ಅಷ್ಟರಲ್ಲಿ ಹೊರಗೆ ಸ್ಪೀಕರಿನಲ್ಲಿ ಅವಳೇ ಇನ್ನೊಂದು ಬಸ್ಸು ಕೂಗಿದಳು. ಬೈಯಲು ಬಂದವರಿಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಮ್ಯಾನೇಜರ್ ಬೆವರುತ್ತ ಬಂದ. "ಅಮ್ಮಾ, ಆ 'ಹತ್ತಿ, ಹತ್ತಿ' ಒಂದ್ಸಲ ಹೇಳ್ಬಿಡಿ. ಅದನ್ನೂ ಸೇರಿಸ್ಕೋತೀವಿ."

"ಮೊದಲು ಕುರ್ಚಿ, ಆಮೇಲೆ ಗಂಟಲು ಸ್ವಾಮಿ."

ಜಗ್ಗಾಟ ನಡೆಯಿತು. ನಾವು ಗೇಟಿನಲ್ಲಿ ಘೋಷಣೆ ಕೂಗಿದೆವು. ಕೊನೆಗೆ ಬೆಳಿಗ್ಗೆ ಯಂತ್ರ, ಮಧ್ಯಾಹ್ನದ ಮೇಲೆ ಅವಳು ಎಂದು ತೀರ್ಮಾನವಾಯಿತು. ಅವಳು ಒಪ್ಪಿ 'ಹತ್ತಿ, ಹತ್ತಿ'ಯನ್ನೂ ರೆಕಾರ್ಡ್ ಮಾಡಿಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು.

"ಅರ್ಧಕ್ಕೆ ಯಾಕಮ್ಮ ತಲೆ ಆಡಿಸಿದೆ?"

"ನಿನ್ನ ಹೋರಾಟದಲ್ಲಿ ಪೂರ್ತಿ ಯಾವಾಗಣ್ಣ ಸಿಕ್ಕಿತ್ತು?"

ನಾನು ಗೇಟಿಗೆ ಕಟ್ಟಿದ್ದ ಬ್ಯಾನರ್ ಬಿಚ್ಚತೊಡಗಿದೆ.

ಈಗ ಬೆಳಿಗ್ಗೆ ಅವಳಿಗೆ ಕೆಲಸವಿಲ್ಲ. ಆದರೂ ಬರುತ್ತಾಳೆ. ಸ್ಪೀಕರಿನ ಕೆಳಗೆ ನಿಂತು ತನ್ನದೇ ದನಿಯೊಂದಿಗೆ ಜಗಳ ಕಾಯುತ್ತಾಳೆ: "ಅಷ್ಟು ನಿಧಾನಕ್ಕೆ ಹೇಳಿದ್ರೆ ಯಾವನು ಹತ್ತುತ್ತಾನೆ, ಮುಂಡೇದೇ!"