ಮೂವರು ಎಚ್. ಕೊಟ್ರಪ್ಪರು

೧೯೮೪ರಲ್ಲಿ ನಾನು ಕೂಡ್ಲಿಗಿಯಲ್ಲಿ ಸಹಕಾರ ಇಲಾಖೆಯ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದೆ. ಸಂಘಗಳ ಲೆಕ್ಕ ನೋಡುವುದು, ಮಹಾಸಭೆಗಳಲ್ಲಿ ಬೈಸಿಕೊಳ್ಳುವುದು, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಬಸ್ಸಿನಲ್ಲಿ ಅಲೆಯುವುದು ನನ್ನ ಕೆಲಸ. ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವನಲ್ಲ. ಅಂಥವನನ್ನು ಇಲಾಖೆ ಆ ವರ್ಷ ಹದಿನೈದು ದಿನ ಪಶ್ಚಿಮ ಜರ್ಮನಿಗೆ ಕಳಿಸಿತು.

ಕಾರಣ ಕಂಬಳಿ. ನಮ್ಮ ಭಾಗದ ಉಣ್ಣೆ ನೇಕಾರರ ಸಂಘಕ್ಕೆ ಅಲ್ಲಿನ ಒಂದು ಪಟ್ಟಣದ ಕೈಕಸುಬಿನ ಪ್ರದರ್ಶನದಿಂದ ಆಹ್ವಾನ ಬಂದಿತ್ತು. ಮೂವರು ನೇಕಾರರು ಜನರ ಎದುರಿಗೇ ನೂಲು ತೆಗೆದು, ಹುಣಸೆಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ಕಂಬಳಿ ನೇಯ್ದು ತೋರಿಸಬೇಕು. ದುಡ್ಡು, ಟಿಕೆಟ್, ಪಾಸ್‌ಪೋರ್ಟ್, ಊಟ, ವಸತಿಯ ಜವಾಬ್ದಾರಿ ನನ್ನದು. ಬರವಣಿಗೆಯಲ್ಲಿ ಅಚ್ಚುಕಟ್ಟು ಎಂಬ ಹೆಸರು ನನಗಿತ್ತು. ಆ ಹೆಸರೇ ಮುಂದೆ ಮುಳುವಾಯಿತು.

ಸಂಘ ಆರಿಸಿದ ಮೂವರ ಹೆಸರೂ ಕೊಟ್ರಪ್ಪ. ನಮ್ಮ ಕಡೆ ಇದು ಆಶ್ಚರ್ಯವಲ್ಲ. ಕೊಟ್ಟೂರು ಸಂತೆಯಲ್ಲಿ ನಿಂತು ‘ಕೊಟ್ರಪ್ಪಾ’ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ, ಉಳಿದರ್ಧ ‘ಯಾವ ಕೊಟ್ರಪ್ಪ?’ ಎಂದು ಕೇಳುತ್ತದೆ. ಗುರುತಿಗೆ ಊರಿನ ಮೊದಲಕ್ಷರ ಹಚ್ಚುವುದು ರೂಢಿ. ಒಬ್ಬ ಹೊಸಹಳ್ಳಿಯವನು, ಒಬ್ಬ ಹಿರೇಹಡಗಲಿಯವನು, ಇನ್ನೊಬ್ಬ ಹಗರಿಬೊಮ್ಮನಹಳ್ಳಿಯವನು. ರೂಢಿಯಂತೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೂವರನ್ನೂ ‘ಎಚ್. ಕೊಟ್ರಪ್ಪ’ ಎಂದು ಬರೆದೆ. ಬರೆದ ಮೇಲೆ ನೋಡಿ ನಕ್ಕೆ. ಅವರೂ ನಕ್ಕರು. ಮಾತಿನಲ್ಲಿ ನಾನು ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆ: ಹೊಸಹಳ್ಳಿ, ಹಡಗಲಿ, ಬೊಮ್ಮನಹಳ್ಳಿ.

ಅರ್ಜಿ ತುಂಬುವಾಗ ನಡೆದ ಒಂದು ಸಣ್ಣ ಮಾತನ್ನು ಇಲ್ಲೇ ಹೇಳಬೇಕು. ‘ತಂದೆಯ ಹೆಸರು’ ಎಂಬ ಕಾಲಂ ಬಂದಾಗ ಬೊಮ್ಮನಹಳ್ಳಿ ಕೊಟ್ರಪ್ಪ ತಡೆದು ಕೇಳಿದ, “ಯಾರ ಹೆಸರು ಬರಸ್ಲಿರಿ? ಹೆತ್ತಾತಂದೋ, ಸಾಕಿದಾತಂದೋ?”

“ಕಾಗದದಲ್ಲಿ ತಂದೆ ಅಂದರೆ ಹೆತ್ತವರು,” ಎಂದೆ.

ಅವನು ಒಂದು ಹೆಸರು ಹೇಳಿದ. ತೀರಿಕೊಂಡಿದ್ದಾರೆ ಎಂದ. ನಾನು ‘ದಿ.’ ಎಂದು ಸೇರಿಸಿ ಮುಂದಿನ ಕಾಲಮಿಗೆ ಹೋದೆ. ಸಾಕಿದಾತ ಯಾರು ಎಂದು ಕೇಳಲಿಲ್ಲ, ಅದಕ್ಕೆ ಕಾಲಂ ಇರಲಿಲ್ಲ.

ಆಗ ವಿದೇಶಿ ಹಣ ಸಿಗುವುದು ಸುಲಭವಿರಲಿಲ್ಲ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು, ಮಂಜೂರಾದಷ್ಟನ್ನೇ ಟ್ರಾವೆಲರ್ಸ್ ಚೆಕ್ ರೂಪದಲ್ಲಿ ಕೊಳ್ಳಬೇಕಿತ್ತು. ಕೊಳ್ಳುವಾಗ ಬ್ಯಾಂಕಿನಲ್ಲಿ ಒಂದು ಸಹಿ, ಅಲ್ಲಿ ಮುರಿಸುವಾಗ ಅದೇ ಕೈಯ ಇನ್ನೊಂದು ಸಹಿ. ಎರಡೂ ಹೊಂದಿದರೆ ಮಾತ್ರ ಹಣ. ಎಲ್ಲ ಚೆಕ್ಕುಗಳೂ ನನ್ನ ಹೆಸರಿನಲ್ಲಿದ್ದವು. ನಮ್ಮ ಟಿಕೆಟ್ ಗುಂಪಿನ ಟಿಕೆಟ್. ಅಗ್ಗ, ಆದರೆ ನಾಲ್ವರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರಬೇಕು. ಊಟ, ಓಡಾಟ ಲೆಕ್ಕ ಹಾಕಿ, ಆಪತ್ತಿಗೆಂದು ಏಳುನೂರು ಜರ್ಮನ್ ಮಾರ್ಕ್ ಬೇರೆ ತೆಗೆದಿಟ್ಟಿದ್ದೆ.

ಮೊದಲ ಮೂರು ದಿನ ಚೆನ್ನಾಗಿಯೇ ಹೋದವು. ಪ್ರದರ್ಶನದ ಸಭಾಂಗಣದಲ್ಲಿ ಮಗ್ಗಕ್ಕೆ ಕುಣಿ ತೋಡುವಂತಿರಲಿಲ್ಲ, ಹಲಗೆಯ ಅಟ್ಟ ಕಟ್ಟಿ, ಅದರ ನಡುವೆ ಕಾಲಿಳಿಬಿಡಲು ಜಾಗ ಬಿಟ್ಟಿದ್ದರು. ಬೊಮ್ಮನಹಳ್ಳಿ ಮಗ್ಗದಲ್ಲಿ ಕೂರುತ್ತಿದ್ದ. ಹೊಸಹಳ್ಳಿ ನೂಲು ತೆಗೆಯುತ್ತಿದ್ದ. ಹಡಗಲಿ ಗಂಜಿ ಹಚ್ಚುತ್ತಿದ್ದ. ಬಿಳಿ ಜನ ಸುತ್ತ ನಿಂತು ನೋಡುತ್ತಿದ್ದರು. “ಇವ್ರಿಗೆ ಮನ್ಯಾಗ ಕೆಲ್ಸ ಇಲ್ಲೇನ್ರಿ ಸಾಹೇಬ್ರ?” ಎಂದು ಹೊಸಹಳ್ಳಿ ಗಂಭೀರವಾಗಿ ಕೇಳಿದ್ದ.

ನಾಲ್ಕನೆಯ ದಿನ ಶುಕ್ರವಾರ. ಮಧ್ಯಾಹ್ನ ವಸತಿಗೃಹದವರು ಸಭಾಂಗಣಕ್ಕೇ ಬಂದು ಒಂದು ಟೆಲಿಗ್ರಾಂ ಕೊಟ್ಟರು. ಕೂಡ್ಲಿಗಿಯಿಂದ ಸಂಘದ ಗುಮಾಸ್ತ ಕಳಿಸಿದ್ದು. ‘ಎಚ್ ಕೊಟ್ರಪ್ಪ ಫಾದರ್ ಎಕ್ಸ್‌ಪೈರ್ಡ್ ಥರ್ಸ್‌ಡೇ.’ ಅಷ್ಟೇ. ಎಚ್. ಕೊಟ್ರಪ್ಪನ ತಂದೆ ಗುರುವಾರ ತೀರಿಕೊಂಡರು.

ನಾನು ತಲೆ ಎತ್ತಿ ನೋಡಿದೆ. ಮೂವರು ಎಚ್. ಕೊಟ್ರಪ್ಪರು ಕೆಲಸ ಮಾಡುತ್ತಿದ್ದರು. ಒಬ್ಬನ ಅಪ್ಪ ಸತ್ತಿದ್ದ. ಯಾವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು, ನನಗೂ ಯಾರೆಂದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ದುಃಖವಾಗಲಿ ಗಾಬರಿಯಾಗಲಿ ಆಗಲಿಲ್ಲ ಎಂದರೆ ನಂಬುವುದು ಕಷ್ಟ. ಮನಸ್ಸು ಮರಗಟ್ಟಿತ್ತು. ಟೆಲಿಗ್ರಾಂ ಮಡಚಿ ಟ್ರಾವೆಲರ್ಸ್ ಚೆಕ್ಕಿನ ಜೊತೆ ಇಟ್ಟುಕೊಂಡು ಗಡಿಯಾರ ನೋಡಿದೆ.

ಕೂಡ್ಲಿಗಿಗೆ ಟ್ರಂಕ್ ಕಾಲ್ ಬುಕ್ ಮಾಡಲು ಹೋದೆ. ಸೋಮವಾರಕ್ಕೆ ಮೊದಲು ಸಿಗುವ ಭರವಸೆ ಇಲ್ಲ ಎಂದರು. ಹಾಗಾಗಿ ಮರಳಿ ಟೆಲಿಗ್ರಾಂ ಕೊಡಲು ಹೋದೆ. ಮೊದಲು ‘ಯಾವ ಕೊಟ್ರಪ್ಪ, ಊರು ತಿಳಿಸಿ’ ಎಂದು ಇಂಗ್ಲಿಷಿನಲ್ಲಿ ಪೂರ್ತಿ ಬರೆದೆ. ಒಂದೊಂದು ಪದಕ್ಕೂ ಹಣ. ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಖರ್ಚಿಗೆ ಆಕ್ಷೇಪ ಬರೆದ ಕೈ ತಾನೇ ಪೆನ್ನು ತೆಗೆದು ಊರಿನ ಮಾತನ್ನು ಹೊಡೆದುಹಾಕಿತು. ‘ವಿಚ್ ಕೊಟ್ರಪ್ಪ’ ಎಂದು ಎರಡೇ ಪದ ಉಳಿಯಿತು. ಕೇಳುವುದು ಸ್ಪಷ್ಟವಾಗಿಯೇ ಇದೆ ಎಂದುಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಸುಮ್ಮನೆ ಅಲ್ಲ. ಶನಿವಾರ ಉತ್ತರ ಬಂತು: ‘ಎಚ್ ಕೊಟ್ರಪ್ಪ ಓನ್ಲಿ.’ ಎಚ್. ಕೊಟ್ರಪ್ಪನೇ. ಗುಮಾಸ್ತನ ಕೈಯಲ್ಲಿದ್ದದ್ದು ಊರಿನ ಹೆಸರಿಲ್ಲದೆ ನಾನೇ ಬರೆದುಕೊಟ್ಟ ಪಟ್ಟಿ.

ವಿಮಾನ ಕಂಪನಿಯಲ್ಲಿ ವಿಚಾರಿಸಿದ್ದೆ. ಗುಂಪಿನ ಟಿಕೆಟ್ ಮುರಿದು ಒಬ್ಬನನ್ನು ಮೊದಲೇ ಕಳಿಸಲು ಆರುನೂರ ಎಂಬತ್ತು ಮಾರ್ಕ್ ದಂಡ. ಭಾನುವಾರದ ವಿಮಾನದಲ್ಲಿ ಜಾಗ ಇತ್ತು, ಅದು ಬಿಟ್ಟರೆ ಗುರುವಾರ. ಹಣ ಒಬ್ಬನಿಗೆ ಮಾತ್ರ ಸಾಕು. ಮೂವರನ್ನೂ ಕೂರಿಸಿ ‘ನಿಮ್ಮಲ್ಲಿ ಒಬ್ಬನ ಅಪ್ಪ ಹೋಗಿದ್ದಾನೆ, ಯಾರೆಂದು ಗೊತ್ತಿಲ್ಲ’ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಂದು ಸಾವಿಗೆ ಮೂವರನ್ನು ಅಳಿಸುವುದು ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸದ್ದಿಲ್ಲದೆ ಕೇಳಿ ತಿಳಿಯುತ್ತೇನೆ ಎಂದುಕೊಂಡೆ.

ಅನ್ನ ಬೇಯುವಾಗ ಒಬ್ಬೊಬ್ಬರನ್ನೇ ಮಾತಿಗೆಳೆದೆ. ಹಡಗಲಿಯ ಅಪ್ಪ ಗಟ್ಟಿಮುಟ್ಟಾಗಿದ್ದ, ಕುರಿ ಹಿಂಡಿನ ಜೊತೆ ಈಗಲೂ ಅಡವಿಗೆ ಹೋಗುತ್ತಿದ್ದ. ಹೊಸಹಳ್ಳಿಯ ಅಪ್ಪನಿಗೆ ಎಂಬತ್ತು ದಾಟಿತ್ತು. “ನಾ ಹೊರಡೂ ಮುಂದ ಕೆಮ್ಮು ಭಾಳ ಇತ್ತ್ರಿ. ಎದ್ದು ಕುಂದ್ರಾಕೂ ಆಗ್ತಿದ್ದಿಲ್ಲ,” ಎಂದ. ಬೊಮ್ಮನಹಳ್ಳಿಯನ್ನು ಕೇಳಿದೆ, “ನಿಮ್ಮ ತಂದೆಯವರು ಇದ್ದಾರೇನು?”

“ತಂದೆ ಹೋಗಿ ಹದಿನಾರು ವರ್ಷ ಆತ್ರಿ. ಫಾರಂದಾಗ ನೀವ ಬರದೀರಲ್ರಿ.”

ನನಗೆ ನೆನಪಾಯಿತು. ‘ದಿ.’ ಎಂದು ಬರೆದದ್ದು ನೆನಪಾಯಿತು. ಅದಕ್ಕೆ ಮುಂಚೆ ಅವನು ಕೇಳಿದ ಪ್ರಶ್ನೆ ನೆನಪಾಗಲಿಲ್ಲ. ಲೆಕ್ಕ ಕೂಡಿಬಂದಂತೆ ಒಂದು ಸಮಾಧಾನವೂ ಆಯಿತು. ಒಬ್ಬನ ತಂದೆ ಇಲ್ಲ, ಒಬ್ಬನದು ಗಟ್ಟಿ ಜೀವ, ಉಳಿದವನು ಹೊಸಹಳ್ಳಿ.

ಶನಿವಾರ ಸಂಜೆ ಹೊಸಹಳ್ಳಿಗೆ ಹೇಳಿದೆ. ಅವನು ಅಳಲಿಲ್ಲ. ಕೈಯಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿ, “ಮಣ್ಣಿಗೆ ಸಿಗ್ತೀನೇನ್ರಿ?” ಎಂದು ಕೇಳಿದ. ಗುರುವಾರ ಹೋದ ಜೀವ, ಮಣ್ಣು ಆಗಲೇ ಆಗಿರುತ್ತದೆ ಎಂದೆ. “ಹನ್ನೊಂದರ ದಿನಕ್ಕ ಸಿಗ್ತೀನಲ್ಲ, ಸಾಕ್ರಿ,” ಎಂದ. ನನ್ನ ಹತ್ತಿರ ಒಬ್ಬನನ್ನು ಕಳಿಸುವಷ್ಟೇ ಹಣವಿದೆ ಎಂದು ಚೆಕ್ಕುಗಳನ್ನು ಬಿಡಿಸಿ ತೋರಿಸಿದೆ, ಇನ್ನಿಬ್ಬರು ಜೊತೆಗೆ ಹೊರಡುತ್ತೇವೆ ಎನ್ನಬಾರದು ಎಂದು. ಒಬ್ಬನೇ ಹೋಗುವವನಿಗೆ ಇಂಗ್ಲಿಷಿನಲ್ಲಿ ನಾಲ್ಕು ಚೀಟಿ ಬರೆದುಕೊಟ್ಟೆ: ವಿಮಾನದಲ್ಲಿ ತೋರಿಸಲು ಒಂದು, ಬೊಂಬಾಯಿಯ ಟ್ಯಾಕ್ಸಿಗೆ ಒಂದು, ರೈಲ್ವೆ ಸ್ಟೇಷನ್ನಿನಲ್ಲಿ ಒಂದು, ಗುಂತಕಲ್ಲಿನಲ್ಲಿ ರೈಲು ಬದಲಿಸಲು ಒಂದು.

ವಿಮಾನ ನಿಲ್ದಾಣದಲ್ಲಿ ಬೊಮ್ಮನಹಳ್ಳಿ ತನ್ನ ಹೆಗಲ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದ. “ಗೋರಿಮ್ಯಾಲೆ ನನ್ನ ಪಾಲಿಂದೂ ಒಂದ್ ಹಿಡಿ ಮಣ್ಣು ಹಾಕಲೇ,” ಎಂದ.

ಉಳಿದ ದಿನಗಳು ಹೇಗೋ ಕಳೆದವು. ನೂಲು ತೆಗೆಯುವ ಕೆಲಸವನ್ನೂ ಬೊಮ್ಮನಹಳ್ಳಿಯೇ ಮಾಡಿದ. ಎಲ್ಲ ಕಂಬಳಿ ಮಾರಾಟವಾದವು. ಊರಿನಿಂದ ಮತ್ತೆ ಸುದ್ದಿ ಬರಲಿಲ್ಲ. ಸುದ್ದಿ ಇಲ್ಲ ಎಂದರೆ ಎಲ್ಲ ಸರಿಹೋಯಿತು ಎಂದು ತಿಳಿದೆ.

ನಾವು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಬಂದಿದ್ದವನು ಹೊಸಹಳ್ಳಿ ಕೊಟ್ರಪ್ಪ. ಮೀಸೆ ಬೋಳಿಸಿದ್ದ, ಮುಖ ಬೇರೆ ಯಾರದೋ ಅನಿಸಿತು. ಅವನು ನನ್ನತ್ತ ನೋಡದೆ ಬೊಮ್ಮನಹಳ್ಳಿಯ ಕೈ ಹಿಡಿದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರಿಸಿದ.

“ನಮ್ಮಪ್ಪ ಅದಾನಪಾ. ಕಟ್ಟಿಮ್ಯಾಲೆ ಕುಂತಿದ್ದ, ನಾ ಹೋದಾಗ. ಹೋದಾತ ನಿಮ್ಮ ದೊಡ್ಡಪ್ಪ.”

ಬೊಮ್ಮನಹಳ್ಳಿಯ ತಂದೆ ಅವನು ಎಂಟು ವರ್ಷದವನಿದ್ದಾಗ ಹೋಗಿದ್ದ. ಅಂದಿನಿಂದ ಸಾಕಿದವನು, ಮಗ್ಗದಲ್ಲಿ ಕೂರಿಸಿ ಕಲಿಸಿದವನು, ಮದುವೆ ಮಾಡಿದವನು ತಂದೆಯ ಅಣ್ಣ. ಆತನಿಗೆ ಬೇರೆ ಮಕ್ಕಳಿರಲಿಲ್ಲ. ಮನೆಯಲ್ಲಿ ಬೊಮ್ಮನಹಳ್ಳಿ ಆತನನ್ನು ಕರೆಯುತ್ತಿದ್ದದ್ದು ‘ಅಪ್ಪ’ ಎಂದೇ. ಮನೆಯವರು ಗುಮಾಸ್ತನಿಗೆ ‘ಕೊಟ್ರಪ್ಪನ ಅಪ್ಪ ಹೋದ’ ಎಂದು ಹೇಳಿದರು, ಅವನು ‘ಫಾದರ್’ ಎಂದು ಬರೆದ. ನಾನು ‘ತಂದೆ’ ಎಂದು ಓದಿದೆ.

ಬೊಮ್ಮನಹಳ್ಳಿ ಹೊಸಹಳ್ಳಿಯ ಹಿಡಿತದಿಂದ ಕೈ ಬಿಡಿಸಿಕೊಂಡ. ಆಮೇಲೆ ನನ್ನನ್ನು ಕೇಳಿದ, “ತಾರದಾಗ ಏನಂತ ಬರದಿತ್ರಿ?”

ಚೀಲದಿಂದ ತೆಗೆದು ಓದಿ ಹೇಳಿದೆ.

“ನಾನೂ ಎಚ್. ಕೊಟ್ರಪ್ಪ ಅಲ್ಲೇನ್ರಿ ಸಾಹೇಬ್ರ? ನೀವು ತಂದೆ ಅಂದ್ರಿ. ಅಪ್ಪ ಅದಾನೇನಲೇ ಅಂತ ಕೇಳಿದ್ರ, ಅದಾನ್ರಿ ಅಂತಿದ್ದೆ.”

ಕ್ಷಮೆ ಕೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ. ಕಾಲಡಿಯಲ್ಲಿ ಮಗ್ಗದ ಹಲಗೆಗಳ ಗಂಟು ಬಿದ್ದಿತ್ತು. ಅದರ ಹಗ್ಗ ಸಡಿಲವಾಗಿದೆ ಎಂದು ನೋಡುತ್ತ ನಿಂತೆ. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ.

ಮುಂದಿನದನ್ನು ಹೊಸಹಳ್ಳಿಯೇ ಹೇಳಿದ. ಬೊಂಬಾಯಿ ಸ್ಟೇಷನ್ನಿನ ಹೊರಗೆ ಅಪ್ಪನ ಹೆಸರಿನಲ್ಲಿ ಮೀಸೆ ತೆಗೆಸಿದ್ದ. ಬದುಕಿರುವ ಅಪ್ಪನ ಮುಂದೆ ಮಗ ಹಾಗೆ ಹೋಗಿ ನಿಲ್ಲುವುದು ನಮ್ಮ ಕಡೆ ಸಣ್ಣ ಮಾತಲ್ಲ. ಮುದುಕ ಮೊದಲು ಬೈದನಂತೆ, ಆಮೇಲೆ ‘ಸುಳ್ಳು ಸಾವಿನ ಸುದ್ದಿ ಬಂದ್ರ ಆಯುಷ್ಯ ಹೆಚ್ಚು’ ಎಂದು ನಕ್ಕನಂತೆ. ಮರುದಿನ ಇವನು ಕೂಡ್ಲಿಗಿಗೆ ಹೋಗಿ ಗುಮಾಸ್ತನನ್ನು ಹಿಡಿದು ಸತ್ತವರು ಯಾರೆಂದು ತಿಳಿದ. ಗುಮಾಸ್ತ ಮತ್ತೆ ನಮಗೆ ಟೆಲಿಗ್ರಾಂ ಬರೆಯಲು ಕೂತಾಗ ಇವನೇ ತಡೆದ.

“ಅಲ್ಲಿ ಗೊತ್ತಾದ್ರ ಏನ್ ಮಾಡ್ತಾನ? ಬರಾಕ ರೊಕ್ಕ ಎಲ್ಲೈತಿ? ಇದ್ದ ರೊಕ್ಕದಾಗ ನಾ ಬಂದುಬಿಟ್ಟೀನಿ,” ಎಂದನಂತೆ.

ಆಮೇಲೆ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದ. ಗೋರಿಯ ಮೇಲೆ ಎರಡು ಹಿಡಿ ಮಣ್ಣು ಹಾಕಿದ. ಹನ್ನೊಂದನೆಯ ದಿನ ಮಗ ಮಾಡಬೇಕಾದ್ದನ್ನು ಯಾರು ಮಾಡುವುದು ಎಂದು ಮನೆಯವರು ಯೋಚಿಸುತ್ತಿದ್ದರು. ಇವನು ಹೇಳಿದ, “ಮೀಸಿ ಹೆಂಗೂ ಹೋಗೇತಿ. ನನ್ನ ಹೆಸರೂ ಎಚ್. ಕೊಟ್ರಪ್ಪನ. ನಾ ಮಾಡ್ತೀನಿ.” ಹಿರಿಯರು ಒಪ್ಪಿದರು. ಬೊಮ್ಮನಹಳ್ಳಿಯ ಕಂಬಳಿಯನ್ನೇ ಹಾಸಿ ಎಡೆ ಇಟ್ಟರು.

ಬೊಮ್ಮನಹಳ್ಳಿ ಇದನ್ನೆಲ್ಲ ತಲೆ ಬಗ್ಗಿಸಿ ಕೇಳಿದ. ಕೊನೆಗೆ ಕೈ ಚಾಚಿ ಹೊಸಹಳ್ಳಿಯ ಬೋಳು ಮೇಲ್ತುಟಿಯನ್ನು ಒಮ್ಮೆ ಮುಟ್ಟಿದ. “ಎಡಿಗೆ ನವಣಕ್ಕಿ ಅನ್ನ ಇಟ್ಟಿದ್ರೇನಲೇ? ಅಪ್ಪಗ ಅದ ಬೇಕಿತ್ತು,” ಎಂದು ಕೇಳಿದ. ಇಟ್ಟಿದ್ದೆವು ಎಂದ ಇವನು. ಆಗ ಬೊಮ್ಮನಹಳ್ಳಿ ಅತ್ತ.

ಆ ಪ್ರವಾಸದ ಲೆಕ್ಕವನ್ನು ವರ್ಷದ ಕೊನೆಗೆ ಆಡಿಟ್ ಮಾಡಿದರು. ಆರುನೂರ ಎಂಬತ್ತು ಮಾರ್ಕಿನ ವೋಚರಿಗೆ ಯಾವ ಆಕ್ಷೇಪವೂ ಬರಲಿಲ್ಲ. ಟೆಲಿಗ್ರಾಂನಲ್ಲಿ ಎಚ್. ಕೊಟ್ರಪ್ಪ, ಟಿಕೆಟ್ಟಿನಲ್ಲಿ ಎಚ್. ಕೊಟ್ರಪ್ಪ. ದಾಖಲೆ ಸರಿಯಾಗಿತ್ತು.

ದಾಖಲೆ ಸರಿಯಿದ್ದರೆ ಕೆಲಸ ಸರಿಯಾಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲೆ ನಿವೃತ್ತನಾಗುವವರೆಗೆ ನಾನು ಯಾರ ಊರನ್ನೂ ಒಂದೇ ಅಕ್ಷರಕ್ಕೆ ಇಳಿಸಲಿಲ್ಲ. ಅರ್ಜಿ ತುಂಬುವಾಗ ‘ತಂದೆಯ ಹೆಸರು’ ಬರೆದ ಮೇಲೆ ಅರ್ಜಿಯಲ್ಲಿಲ್ಲದ ಇನ್ನೊಂದು ಮಾತು ಕೇಳುತ್ತಿದ್ದೆ: “ಮನ್ಯಾಗ ಅಪ್ಪ ಅಂತ ಯಾರನ್ನ ಕರೀತೀರಿ?” ಹೆಚ್ಚಿನವರು ಅದೇ ಹೆಸರನ್ನು ಮತ್ತೊಮ್ಮೆ ಹೇಳಿ, ಇವನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಿದ್ದರು. ಒಬ್ಬಿಬ್ಬರು ಮಾತ್ರ ತಡೆದು, ಬೇರೆ ಹೆಸರು ಹೇಳುತ್ತಿದ್ದರು. ಅದನ್ನು ಕಾಗದದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಿದ್ದೆ.