ಗೋಧಿ ಪಾಯಸಕ್ಕೆ ಬೆಲ್ಲ ನೋಡುವುದು

ಯುದ್ಧ ಎಂದರೇನೆಂದು ನನಗೆ ಗೊತ್ತಾದದ್ದು ಗೋಧಿಯಿಂದ. ರಂಗೂನಿನ ಅಕ್ಕಿ ಬರುವುದು ನಿಂತಿತು. ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಗೋಧಿ ಅಳೆದು ಕೊಟ್ಟರು. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಉಂಡ ಮಂಗಳೂರಿನ ನಮ್ಮ ಜೆಪ್ಪುವಿನ ಹೆಂಗಸರಿಗೆ ಅದನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ನನ್ನ ಅಜ್ಜಿ ಗೋಧಿಯನ್ನು ಕುಚ್ಚಲಕ್ಕಿಯ ಹಾಗೆಯೇ ತೊಳೆದು, ದೊಡ್ಡ ಮಡಕೆಯಲ್ಲಿ ನೀರಿಟ್ಟು, ಮಧ್ಯಾಹ್ನದವರೆಗೆ ಬೇಯಿಸಿ, ಮಡಕೆ ಬಗ್ಗಿಸಿ ತಿಳಿ ಬಸಿದರು. ತಿಳಿಗೆ ಉಪ್ಪು ಹಾಕಿ ಕುಡಿದೆವು. ಉಳಿದ ಕಾಳನ್ನು ಜಗಿದು ಜಗಿದು ದವಡೆ ನೋವು ಬಂತು. ಇದು ಮನುಷ್ಯರಿಗೆ ಕೊಟ್ಟದ್ದೋ ಕುದುರೆಗೆ ಕೊಟ್ಟದ್ದೋ ಎಂದು ಸೋದರಮಾವ ಬಟ್ಟಲು ದೂಡಿ ಎದ್ದು ಹೋದರು. ಅಜ್ಜಿಗೆ ಅವಮಾನವಾಯಿತು. ಸೋಲು ಒಪ್ಪುವ ಹೆಂಗಸಲ್ಲದ ಕಾರಣ ಮರುದಿನವೂ ಹಾಗೆಯೇ ಬೇಯಿಸಿದರು.

ನಮ್ಮ ಮನೆಯಲ್ಲಿ ಗೋಧಿ ಕಂಡು ಹೆದರದವಳು ಅಮ್ಮ ಒಬ್ಬಳೇ. ಅವಳಿಗೆ ಅದನ್ನು ಕಲಿಸಿದವರು ಅಪ್ಪ. ಅಪ್ಪ ರಂಗೂನಿನ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬಡಗಣ ದೇಶದವರ ಜೊತೆ ಒಂದೇ ಅಡುಗೆ, ಹಾಗಾಗಿ ಗೋಧಿಯ ರುಚಿ ಹತ್ತಿತ್ತು. ಯುದ್ಧಕ್ಕೆ ಮೊದಲು ಕೊನೆಯ ಸಲ ರಜೆಯಲ್ಲಿ ಬಂದಾಗ ಗೋಧಿಯ ಸಣ್ಣ ಗಂಟೊಂದನ್ನು ತಂದು, ಅಡುಗೆಕೋಣೆಯ ಹೊಸಿಲ ಮೇಲೆ ಕೂತು, ಹೀಗೆ ಮಾಡು ಹಾಗೆ ಮಾಡು ಎಂದು ಅಮ್ಮನಿಗೆ ಅಪ್ಪಣೆ ಕೊಟ್ಟರು. ಸ್ವತಃ ಒಂದು ಲೋಟ ನೀರು ಬಿಸಿ ಮಾಡಲು ಬಾರದ ಮನುಷ್ಯ. ಆದರೂ ಅಮ್ಮ ಕಲಿತಳು. ಗೋಧಿಗೆ ನೀರು ಚಿಮುಕಿಸಿ, ಒನಕೆಯಲ್ಲಿ ಹಗುರಾಗಿ ಕುಟ್ಟಿ ಹೊಟ್ಟು ಕೇರಿ, ಬೀಸುವ ಕಲ್ಲಿಗೆ ಹಿಡಿ ಹಿಡಿ ಹಾಕಿ ಬೇಗ ಬೇಗ ತಿರುಗಿಸಿದರೆ ನುಚ್ಚಿನಂಥ ಕಡಿಯಾಗಿ ಒಡೆಯುತ್ತದೆ. ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಬೇಕು. ಕಡಿಯನ್ನು ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, ಬೇಯಿಸಿ, ಮೆತ್ತಗಾದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಕಡಿ ಮತ್ತೆ ಬೇಯುವುದಿಲ್ಲ. ರಂಗೂನಿನಲ್ಲಿ ಅದಕ್ಕೆ ದನದ ಹಾಲು ಹಾಕುತ್ತಿದ್ದರಂತೆ. ಅಮ್ಮ ತೆಂಗಿನಹಾಲು ಮತ್ತು ತಾಳೆಯ ಓಲೆಬೆಲ್ಲ ಹಾಕಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು, "ಬೆಲ್ಲ ಕಡಿಮೆ" ಎಂದರು.

ಅಪ್ಪನಿಗೆ ಎಲ್ಲದರಲ್ಲೂ ಬೆಲ್ಲ ಕಡಿಮೆಯೇ. ಅದಕ್ಕಾಗಿ ಅಮ್ಮನಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಪಾಯಸ ಇಳಿಸುವ ಮೊದಲು ಸೌಟಿನಿಂದ ಎಡ ಅಂಗೈಗೆ ಒಂದು ಹನಿ ಬಿಟ್ಟು, ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿ, ಇನ್ನೊಂದು ತುಂಡು ಬೆಲ್ಲ ಹಾಕುವಳು. ಅಪ್ಪ ಸಮುದ್ರದಾಚೆ ಇದ್ದ ವರ್ಷಗಳಲ್ಲೂ ಆ ಇನ್ನೊಂದು ತುಂಡು ಬೀಳುತ್ತಿತ್ತು. ನಮಗೆಲ್ಲ ಸಿಹಿ ಜಾಸ್ತಿಯಾಗಿ ನಾಲಿಗೆ ಅಂಟುತ್ತಿತ್ತು. ನಾನು ಮುಖ ಹಿಂಡಿದರೆ ನಿನ್ನನ್ನು ಯಾರು ಕೇಳಿದರು ಎಂದು ಬೈಸಿಕೊಳ್ಳುತ್ತಿದ್ದೆ.

ರಂಗೂನು ಜಪಾನಿನವರ ಕೈಗೆ ಹೋದ ಮೇಲೆ ಅಪ್ಪನ ಸುದ್ದಿ ನಿಂತಿತು. ಅಲ್ಲಿದ್ದ ನಮ್ಮವರು ಕಾಡುಗುಡ್ಡ ಹತ್ತಿಳಿದು ನಡೆದೇ ಹೊರಟಿದ್ದಾರೆಂದು ಊರೆಲ್ಲ ಹೇಳುತ್ತಿತ್ತು. ಬಹಳ ತಿಂಗಳ ಮೇಲೆ ಕುದ್ರೋಳಿಯ ಬ್ಯಾರಿಯೊಬ್ಬರು ಬಂದು ಮುಟ್ಟಿದರು. ರಂಗೂನಿನಲ್ಲಿ ಅಂಗಡಿ ಇಟ್ಟಿದ್ದವರು, ಅಪ್ಪನ ಗುರ್ತದವರು. ಅಮ್ಮ ನನ್ನನ್ನು ಕರೆದುಕೊಂಡು ಅವರ ಮನೆಗೆ ಓಡಿದಳು. ಅವರು ಬರೀ ಎಲುಬಾಗಿದ್ದರು. ಅಮ್ಮನ ಮುಖ ನೋಡದೆ ನೆಲ ನೋಡುತ್ತ ಹೇಳಿದರು: "ದಾರಿಯಲ್ಲಿ ಅವರಿಗೆ ಜ್ವರ ಬಂತು. ಒಂದು ಮರದ ಬುಡದಲ್ಲಿ ಕೂತರು. ನೀವು ಹೋಗಿ, ನಾನು ಹಿಂದಿನಿಂದ ಬರ್ತೇನೆ ಅಂತ ಹೇಳಿದ್ರು."

ಅಮ್ಮ ಹಿಂದಿರುಗುವ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತ ಬಂದಳು. ಕೂತದ್ದು ಎಂದಲ್ಲವಾ ಅವರು ಹೇಳಿದ್ದು, ಸತ್ತದ್ದು ಎಂದಲ್ಲವಲ್ಲ. ನಾನು ಹೌದು ಎಂದೆ.

ಆದರೆ ಅಪ್ಪ ಇದ್ದಾರೋ ಇಲ್ಲವೋ ಎಂದು ತೀರ್ಮಾನಿಸುವುದು ಅಮ್ಮನ ಕೈಯಲ್ಲಿರಲಿಲ್ಲ. ನಮ್ಮದು ಅಳಿಯಕಟ್ಟು, ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಕ್ರಮ. ಅಮ್ಮ ಹುಟ್ಟಿದ ಮನೆಯಲ್ಲೇ ನಾವು ಬೆಳೆದದ್ದು, ಅಪ್ಪನ ಮನೆಯೆಂದರೆ ಕುದ್ರೋಳಿಯಲ್ಲಿದ್ದ ಅವರ ಅಕ್ಕನ ಮನೆ. ಆ ಅಕ್ಕ ನನ್ನ ಸೋದರತ್ತೆ. ಪರ್ಬದ ದಿನ, ಎಂದರೆ ದೀಪಾವಳಿಯಲ್ಲಿ, ಸತ್ತವರಿಗೆಲ್ಲ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲೆಂದು ನಾವು ಹೊರಗೆ ಕೂರುವ ಕ್ರಮ ಉಂಟು. ಅಪ್ಪನಿಗೆ ಎಲೆ ಬಿದ್ದರೆ ಬೀಳಬೇಕಾದದ್ದು ಅತ್ತೆಯ ಮನೆಯಲ್ಲಿ. ಬಿದ್ದಿತೋ, ಅಮ್ಮನ ಕರಿಮಣಿ ಹೋಯಿತು.

ಅತ್ತೆ ಕೆಟ್ಟವರಲ್ಲ. ಎಲೆ ಸಿಗದೆ ತಮ್ಮ ಹಸಿದು ಅಲೆಯುತ್ತಿದ್ದಾನೆ ಎಂಬ ಹೆದರಿಕೆ ಅವರಿಗೆ. ಪರ್ಬ ಹತ್ತಿರ ಬಂದಾಗ ಜೆಪ್ಪುವಿಗೆ ನಡೆದು ಬಂದು, ಜಗಲಿಯಲ್ಲಿ ಕೂತು, ಈ ವರ್ಷ ಅವನಿಗೂ ಬಡಿಸುತ್ತೇನೆ ಎಂದರು. ಅವನಿಗೆ ಇಷ್ಟವಾದ ಆ ಗೋಧಿ ಕಡಿ ಪಾಯಸ ನಿನಗೆ ಮಾತ್ರ ಗೊತ್ತಿರುವುದು, ನೀನೇ ಬಂದು ಮಾಡು ಎಂದು ಅಮ್ಮನನ್ನು ಕೇಳಿದರು. ಅಮ್ಮ ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬರುತ್ತೇನೆ ಎಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ಎರಡೂ ಮನೆಯ ರೇಷನ್ ಗೋಧಿ ಸೇರಿಸಿ ಅಮ್ಮ ಕಡಿ ಮಾಡಿಕೊಂಡು ಹೋದಳು. ಪರ್ಬದ ಸಂಜೆ ಅತ್ತೆಯ ಒಲೆಯ ಮುಂದೆ ಕೂತು ಹುರಿದಳು, ಬೇಯಿಸಿದಳು, ಬೆಲ್ಲ ಹಾಕಿದಳು. ಸತ್ತವರಿಗೆ ಮಾಡಿದ ಅಡುಗೆಯನ್ನು ಎಡೆಗೆ ಬಡಿಸುವ ಮೊದಲು ಯಾರೂ ನಾಲಿಗೆಗೆ ಮುಟ್ಟಿಸಬಾರದು. ನಮ್ಮಲ್ಲಿ ಮಾತು ಕಲಿತ ಮಗುವಿಗೂ ಅದು ಗೊತ್ತು. ಅಮ್ಮ ಎಲ್ಲರೂ ನೋಡುತ್ತಿದ್ದ ಹಾಗೆ ಸೌಟೆತ್ತಿ, ಅಂಗೈಗೆ ಒಂದು ಹನಿ ಬಿಟ್ಟು, ನೆಕ್ಕಿದಳು.

"ಎಂತ ಮಾಡಿದಿ ನೀನು?" ಎಂದು ಅತ್ತೆ ಕೇಳಿದರು.

"ಬೆಲ್ಲ ನೋಡಿದೆ ಅಕ್ಕ," ಎಂದಳು ಅಮ್ಮ. "ಬಂದವರು ಕಡಿಮೆ ಉಂಟು ಅಂತ ಹೇಳ್ಬಾರ್ದಲ್ಲ." ಹಾಗೆಂದು ಇನ್ನೊಂದು ತುಂಡು ಬೆಲ್ಲ ಹಾಕಿದಳು.

ಎಂಜಲಾದ ಪಾಯಸವನ್ನು ಎಡೆಗೆ ಇಡುವ ಹಾಗಿಲ್ಲ, ಮತ್ತೆ ಮಾಡಲು ಹಿಡಿ ಗೋಧಿ ಉಳಿದಿರಲಿಲ್ಲ. ಅದಿಲ್ಲದೆ ತಮ್ಮನಿಗೆ ಎಲೆ ಹಾಕಲು ಅತ್ತೆ ಒಪ್ಪಲಿಲ್ಲ. ಆಮೇಲೆ ಒಳಗೆ ಹೋಗಿ, ಅಪ್ಪನಿಗೆಂದು ತೆಗೆದಿಟ್ಟಿದ್ದ ಎಲೆಯನ್ನು ತಂದು, ಅದರಲ್ಲಿ ನನಗೆ ಊಟ ಬಡಿಸಿದರು. ಅಪ್ಪ ಬದುಕಿದ್ದಾರೆ ಎಂದು ನಾನು ಪೂರ್ತಿ ನಂಬಿದ್ದು ಅದೊಂದು ಸಂಜೆ ಮಾತ್ರ. ಅಂಟಂಟು ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಅಮ್ಮ ಏನೂ ತಿನ್ನಲಿಲ್ಲ.

ಮರುವರ್ಷವೂ ಅತ್ತೆ ಕರೆದರು, ಅಮ್ಮ ಹೋದಳು, ಅಂಗೈ ನೆಕ್ಕಿದಳು. ಅತ್ತೆ ಒಲೆಯ ಪಕ್ಕದಲ್ಲೇ ನಿಂತಿದ್ದರು, ಕೈ ಚಾಚಿದ್ದರೆ ತಡೆಯಬಹುದಿತ್ತು. ತಡೆಯಲಿಲ್ಲ. ಇಬ್ಬರೂ ಅದನ್ನು ಮಾತಾಡಿಕೊಂಡವರಲ್ಲ. ಬೇರೆ ಯಾವ ವಿಷಯದಲ್ಲೂ ಅವರಿಬ್ಬರಿಗೆ ಸರಿಬಂದದ್ದು ನಾನು ಕಾಣೆ.

ಯುದ್ಧ ಮುಗಿಯಲಿ, ಹಡಗು ಬಿಡಲಿ, ಆಮೇಲೆ ನೋಡಿ ಎನ್ನುತ್ತಿದ್ದಳು ಅಮ್ಮ. ಯುದ್ಧ ಮುಗಿಯಿತು. ಹಡಗು ಬಿಟ್ಟರು. ರಂಗೂನಿನಿಂದ ಮದ್ರಾಸಿಗೆ ಬಂದವರು ರೈಲಿನಲ್ಲಿ ಮಂಗಳೂರಿಗೆ ಇಳಿದರು. ಸತ್ತರೆಂದು ಉತ್ತರಕ್ರಿಯೆಯ ಬೊಜ್ಜ ಮುಗಿಸಿದ್ದ ಮನೆಗೂ ಒಬ್ಬರು ಬಂದರಂತೆ. ಅದನ್ನು ಕೇಳಿದ ಮೇಲೆ ಅಮ್ಮ ಮಾವನನ್ನು ಕೂರಲು ಬಿಡಲಿಲ್ಲ, ಮದ್ರಾಸಿನ ರೈಲು ಬರುವ ಹೊತ್ತಿಗೆಲ್ಲ ಸ್ಟೇಷನ್ನಿಗೆ ಅಟ್ಟುತ್ತಿದ್ದಳು. ಮಾವ ಗೊಣಗುತ್ತ ಹೋಗುವರು, ಗೊಣಗದೆ ಬರುವರು. ಅವರು ಗೊಣಗದೆ ಬರುವುದೇ ನಮಗೆ ಉತ್ತರ. ಮಳೆಗಾಲ ಕಳೆಯುವಷ್ಟರಲ್ಲಿ ಬರುವವರೆಲ್ಲ ಬಂದು ಮುಗಿದಿತ್ತು. ಒಂದು ದಿನ ಅಮ್ಮ ಮಾವನನ್ನು ಕಳಿಸಲಿಲ್ಲ. ಅವರೂ ಕೇಳಲಿಲ್ಲ.

ಆ ವರ್ಷ ಪರ್ಬಕ್ಕೆ ಅತ್ತೆ ಕರೆಯಲು ಬರಲೇ ಇಲ್ಲ. ಅಮ್ಮ ತಾನಾಗಿಯೇ ಕಡಿ ಕಟ್ಟಿಕೊಂಡು ನನ್ನ ಜೊತೆ ಕುದ್ರೋಳಿಗೆ ಹೋದಳು. ಕಡಿ ಹುರಿದಳು, ಬೇಯಿಸಿದಳು. ಓಲೆಬೆಲ್ಲ ಕರಗಿತು, ತೆಂಗಿನಹಾಲು ಹಾಕಿ ಆಯಿತು. ಅತ್ತೆ ಪಕ್ಕದಲ್ಲಿ ನಿಂತು ಅವಳ ಎಡಗೈಯನ್ನೇ ನೋಡುತ್ತಿದ್ದರು. ನಾನೂ ಅದನ್ನೇ ನೋಡುತ್ತಿದ್ದೆ. ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ ಮುಚ್ಚಳದ ಮೇಲಿಟ್ಟಳು.

"ಬೆಲ್ಲ ನೋಡುದಿಲ್ವಾ?" ಎಂದು ಅತ್ತೆ ಕೇಳಿದರು. ತಪ್ಪು ಮಾಡು ಎಂದು ಬೇಡಿಕೊಂಡ ಹಾಗಿತ್ತು.

"ಬೇಡ," ಎಂದಳು ಅಮ್ಮ.

ಒಳಕೋಣೆಯಲ್ಲಿ ಒಂದು ಎಲೆ ಹೆಚ್ಚಿಗೆ ಬಿತ್ತು. ಅತ್ತೆಯೇ ಬಡಿಸಿ, ಬಾಗಿಲು ಮುಚ್ಚಿ ಬಂದರು. ನಾವೆಲ್ಲ ಜಗಲಿಯಲ್ಲಿ ಕೂತೆವು. ಅಮ್ಮ ಕರಿಮಣಿಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು, ಇನ್ನೂ ಬಿಚ್ಚಿರಲಿಲ್ಲ. ನನಗೆ ಓಡಿ ಹೋಗಿ ಬಾಗಿಲು ತೆಗೆದು ಆ ಎಲೆಯನ್ನು ಹರಿದು ಬಿಸಾಡಬೇಕು ಎನಿಸಿತು. ಕೂತೇ ಇದ್ದೆ.

ಬಾಗಿಲು ತೆಗೆದ ಮೇಲೆ ಮನೆಯವರಿಗೆ ಬಡಿಸಿದರು. ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾಲಿಗೆ ಅಂಟಲಿಲ್ಲ. ಯಾರಾದರೂ ಬೆಲ್ಲ ಕಡಿಮೆ ಎನ್ನುತ್ತಾರೇನೋ ಎಂದು ಅಮ್ಮ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ತಲೆ ತಗ್ಗಿಸಿ ಉಂಡರು. ಯಾರೂ ಹೇಳಲಿಲ್ಲ.